ಟೆಸ್ಟ್ ಪಾಸಿಟಿವ್ ಬಂದ್ರೆ ಬೆಲ್ಟ್ ಯಾರಿಗೆ?

ಪ್ರಶ್ನೆ: ಡಾಕ್ಟರೇ, ನಾನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯವನು. ನಮ್ಮಣ್ಣನ ಮಗನಿಗೆ ಹತ್ತೊಂಬತ್ತು ವರ್ಷ. ಬಾಕ್ಸಿಂಗ್ ಹುಚ್ಚು, ಮುಂದೆ ಪ್ರೊಫೆಷನಲ್ ಆಗ್ತೀನಿ ಅಂತಾನೆ. 2024ರ ರಯಾನ್ ಗಾರ್ಸಿಯಾ–ಡೆವಿನ್ ಹೇನಿ ಫೈಟ್ ವಿಷಯಕ್ಕೆ ನನಗೂ ಅವನಿಗೂ ಮನೆಯಲ್ಲಿ ಮುಗಿಯದ ಜಗಳ. ಗಾರ್ಸಿಯಾ ಮೂರು ಸಲ ಕೆಡವಿ ಗೆದ್ದ. ಆಮೇಲೆ ಡೋಪ್ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದ, ಗೆಲುವು ರದ್ದಾಯ್ತು. ಹಾಗಾದ್ರೆ ಹೇನಿ ಗೆದ್ದ ಹಾಗಾ? ಬೆಲ್ಟ್ ಯಾರದ್ದು? ಇನ್ನು ಕೆಲವರಿಗೆ ಪಾಸಿಟಿವ್ ಬಂದ್ರೂ ಬೆಲ್ಟ್ ಕಿತ್ಕೊಳ್ಳಲ್ಲ. ಇದಕ್ಕೆಲ್ಲ ಒಂದೇ ರೂಲ್ ಅಂತ ಇಲ್ವಾ? ಇನ್ನೊಂದು ವಿಷಯ. ಹುಡುಗ ಜಿಮ್‌ನಲ್ಲಿ ಕೊಡೋ ಡಬ್ಬಿ ಪೌಡರ್ ಕುಡೀತಾನೆ. ಕೇಳಿದ್ರೆ, "ಸಿಕ್ಕಿಬಿದ್ರೂ ಕಲಬೆರಕೆ ಅಂದ್ರೆ ಬಿಟ್ಬಿಡ್ತಾರೆ ಚಿಕ್ಕಪ್ಪ" ಅಂತಾನೆ. ನಿಜಾನಾ?

ಉತ್ತರ:

ನಿಮ್ಮ ಜಗಳದಲ್ಲಿ ಇಬ್ಬರದ್ದೂ ಅರ್ಧರ್ಧ ಸರಿ. ಗಾರ್ಸಿಯಾನ ಗೆಲುವು ಉಳಿದಿಲ್ಲ. ಹಾಗಂತ ಹೇನಿ ಗೆದ್ದ ಹಾಗೂ ಅಲ್ಲ. ಬೆಲ್ಟ್ ಹೇನಿ ಹತ್ತಿರವೇ ಉಳಿಯಿತು ನಿಜ. ಆದರೆ ಅದಕ್ಕೆ ಕಾರಣ ಡೋಪ್ ಟೆಸ್ಟ್ ಅಲ್ಲ, ತೂಕ.

ಫೈಟ್ ನಡೆದದ್ದು 2024ರ ಏಪ್ರಿಲ್ 20ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಹೇನಿ ಆಗ ಡಬ್ಲ್ಯುಬಿಸಿ ಸಂಸ್ಥೆಯ 140 ಪೌಂಡ್ ಚಾಂಪಿಯನ್. ಹಿಂದಿನ ದಿನ ತೂಕ ನೋಡಿದಾಗ ಗಾರ್ಸಿಯಾ 143.2 ಪೌಂಡ್ ಬಂದ. ಬೆಲ್ಟ್ ಮಟ್ಟಿಗೆ ಅವನ ಕಥೆ ಅಲ್ಲೇ ಮುಗಿಯಿತು. ತೂಕ ಮೀರಿದವನು ಗೆದ್ದರೂ ಬೆಲ್ಟ್ ಸಿಗುವುದಿಲ್ಲ. ಹೇನಿ ಸೋತರೂ ಬೆಲ್ಟ್ ಅವನದ್ದೇ ಎಂದು ರಿಂಗ್‌ಗೆ ಇಳಿಯುವ ಮೊದಲೇ ತೀರ್ಮಾನ ಆಗಿತ್ತು.

ಉಳಿದದ್ದು ನಿಮಗೆ ಗೊತ್ತೇ ಇದೆ. ಮೂವರು ಜಡ್ಜ್‌ಗಳಲ್ಲಿ ಇಬ್ಬರು ಗಾರ್ಸಿಯಾಗೆ ಕೊಟ್ಟರು, ಒಬ್ಬರು ಸಮ ಅಂದರು. ಆಮೇಲೆ ಫೈಟ್‌ನ ಹಿಂದಿನ ದಿನದ ಮತ್ತು ಆ ದಿನದ ಸ್ಯಾಂಪಲ್‌ಗಳಲ್ಲಿ ಆಸ್ಟರೀನ್ ಸಿಕ್ಕಿತು. ಸ್ನಾಯು ಬೆಳೆಸುವ ವಸ್ತು ಅದು, ವರ್ಷಪೂರ್ತಿ ನಿಷೇಧ. ಬಿ ಸ್ಯಾಂಪಲ್, ಅಂದರೆ ಬೇರೆ ಬಾಟಲಿಯಲ್ಲಿ ಸೀಲ್ ಮಾಡಿಟ್ಟ ಅದೇ ಮೂತ್ರದ ಎರಡನೇ ಪಾಲು, ಅದರಲ್ಲೂ ಅದೇ ಬಂತು. ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಅಥ್ಲೆಟಿಕ್ ಕಮಿಷನ್ ಅವನಿಗೆ ಒಂದು ವರ್ಷ ಸಸ್ಪೆನ್ಷನ್ ಕೊಟ್ಟು 10,000 ಡಾಲರ್ ದಂಡ ಹಾಕಿತು. ಫೈಟ್‌ಗೆ ನಿಗದಿಯಾಗಿದ್ದ ಸುಮಾರು 11 ಲಕ್ಷ ಡಾಲರ್ ಹಣವೂ ಕೈಬಿಟ್ಟಿತು. ಫಲಿತಾಂಶ 'ನೋ ಕಾಂಟೆಸ್ಟ್' ಆಯಿತು. ದಾಖಲೆಯಲ್ಲಿ ಈಗ ಆ ರಾತ್ರಿ ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಹೇನಿ ಮತ್ತೆ ಒಂದೂ ಫೈಟ್ ಸೋಲದ ಬಾಕ್ಸರ್ ಆದ. ಮೂರು ಸಲ ಬಿದ್ದದ್ದನ್ನು ಲೋಕವೆಲ್ಲ ನೋಡಿತ್ತು, ಅದು ಬೇರೆ ಮಾತು.

ಹೇನಿಗೆ ಗೆಲುವು ಯಾಕೆ ಕೊಡಲಿಲ್ಲ ಅಂತ ನೀವು ಕೇಳಬಹುದು. ಓಟದಲ್ಲಿ ಹಾಗೆ ಮಾಡುತ್ತಾರೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ ಸಿಕ್ಕಿಬಿದ್ದಾಗ ಎರಡನೇ ಸ್ಥಾನದಲ್ಲಿದ್ದ ಕಾರ್ಲ್ ಲೂಯಿಸ್‌ಗೆ ಚಿನ್ನ ಹೋಯಿತು. ಅಲ್ಲಿ ಲೂಯಿಸ್ ಉಳಿದವರನ್ನೆಲ್ಲ ಹಿಂದೆ ಹಾಕಿ ಓಡಿದ್ದ. ಬಾಕ್ಸಿಂಗ್‌ನಲ್ಲಿ ಇರುವುದೇ ಇಬ್ಬರು. ಹಾಗಾಗಿ ಅಮೆರಿಕದ ಕಮಿಷನ್‌ಗಳು ಸಾಮಾನ್ಯವಾಗಿ ಫೈಟನ್ನೇ ಅಳಿಸಿಬಿಡುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಂದೇ ರೂಲ್ ಇಲ್ವಾ? ಇಲ್ಲ. ಗೊಂದಲವೆಲ್ಲ ಶುರುವಾಗುವುದೇ ಇಲ್ಲಿಂದ. ವೃತ್ತಿಪರ ಬಾಕ್ಸಿಂಗ್‌ಗೆ ಯಜಮಾನ ಅಂತ ಒಬ್ಬನಿಲ್ಲ. ಸ್ಯಾಂಪಲ್ ತೆಗೆದು ಲ್ಯಾಬ್‌ಗೆ ಕಳಿಸುವವರು ಒಬ್ಬರು. ಅಮೆರಿಕದ ದೊಡ್ಡ ಫೈಟ್‌ಗಳಲ್ಲಿ ಅದು ಹೆಚ್ಚಾಗಿ ವಾಡಾ ಎಂಬ ಖಾಸಗಿ ಸಂಸ್ಥೆ. ಲಾಸ್ ವೇಗಸ್‌ನಲ್ಲಿ ರಿಂಗ್ ಪಕ್ಕದ ಡಾಕ್ಟರ್ ಆಗಿದ್ದ ಮಾರ್ಗರೆಟ್ ಗುಡ್‌ಮನ್ 2011ರಲ್ಲಿ ಕಟ್ಟಿದ್ದು. ಒಲಿಂಪಿಕ್ಸ್‌ಗೆ ಸಂಬಂಧಪಟ್ಟ ಜಾಗತಿಕ ಸಂಸ್ಥೆಯನ್ನೂ ನಾವು ವಾಡಾ ಅಂತಲೇ ಕರೆಯುತ್ತೇವೆ, ಆದರೆ ಅದು ಬೇರೆ, ಇದು ಬೇರೆ. ಬೆರೆಸಿಕೊಳ್ಳಬಾರದು ಅಂತ ಇದನ್ನು ಇಲ್ಲಿ 'ಖಾಸಗಿ ವಾಡಾ' ಅನ್ನುತ್ತೇನೆ. ಅದು ಯಾರಿಗೂ ಶಿಕ್ಷೆ ಕೊಡುವುದಿಲ್ಲ, ರಿಪೋರ್ಟ್ ಕಳಿಸಿ ಸುಮ್ಮನಾಗುತ್ತದೆ. ಲೈಸೆನ್ಸ್ ಕೊಡುವುದು, ಸಸ್ಪೆಂಡ್ ಮಾಡುವುದು, ಫಲಿತಾಂಶ ಬದಲಿಸುವುದು ಫೈಟ್ ನಡೆದ ರಾಜ್ಯದ ಅಥವಾ ದೇಶದ ಕಮಿಷನ್ ಕೆಲಸ. ಬೆಲ್ಟ್ ವಿಷಯ ಇವರಿಬ್ಬರದ್ದೂ ಅಲ್ಲ. ಅದು ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಸಂಸ್ಥೆಗಳ ಕೈಯಲ್ಲಿದೆ. ಒಬ್ಬೊಬ್ಬರದ್ದು ಒಂದೊಂದು ನಿಯಮ ಪುಸ್ತಕ.

ನಮ್ಮ ಕೋಲಾರ ಜಿಲ್ಲೆಯ ಜಮೀನಿನ ಜಗಳ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಪಹಣಿ ಅಣ್ಣನ ಹೆಸರಲ್ಲಿ, ಉಳುತ್ತಿರುವವನು ತಮ್ಮ, ಕೇಸು ಕೋರ್ಟಿನಲ್ಲಿ.

ಇದನ್ನು ಸರಿಯಾಗಿ ತೋರಿಸುವ ಫೈಟ್ ಒಂದಿದೆ. ಗಾರ್ಸಿಯಾ–ಹೇನಿಗಿಂತ ಅದೇ ಹೆಚ್ಚು ಪಾಠ ಕಲಿಸುತ್ತದೆ ಅಂತ ನನ್ನ ಅಭಿಪ್ರಾಯ. 2011ರ ಡಿಸೆಂಬರ್ 10. ವಾಷಿಂಗ್ಟನ್‌ನಲ್ಲಿ ಲ್ಯಾಮೊಂಟ್ ಪೀಟರ್ಸನ್, ಬ್ರಿಟನ್ನಿನ ಅಮೀರ್ ಖಾನ್‌ನನ್ನು ಸೋಲಿಸಿ ಡಬ್ಲ್ಯುಬಿಎ, ಐಬಿಎಫ್ ಎರಡೂ ಬೆಲ್ಟ್ ಗೆದ್ದ. ಕೂದಲೆಳೆಯ ಅಂತರ. ತಳ್ಳಿದ್ದಕ್ಕೆ ರೆಫರಿ ಖಾನ್‌ನ ಎರಡು ಪಾಯಿಂಟ್ ಕಿತ್ತಿದ್ದ, ಅದರಿಂದಲೇ ಫಲಿತಾಂಶ ತಿರುಗಿತು ಅಂತ ದೊಡ್ಡ ಗಲಾಟೆ ಆಯಿತು. 2012ರ ಮೇ 19ಕ್ಕೆ ಲಾಸ್ ವೇಗಸ್‌ನಲ್ಲಿ ಮರು ಫೈಟ್ ಇಟ್ಟರು. ಅದಕ್ಕೆ ಮುಂಚೆ ಖಾಸಗಿ ವಾಡಾ ತೆಗೆದ ಸ್ಯಾಂಪಲ್‌ನಲ್ಲಿ ಪೀಟರ್ಸನ್‌ಗೆ ಕೃತಕ ಟೆಸ್ಟೋಸ್ಟೆರಾನ್ ಪಾಸಿಟಿವ್ ಬಂತು. ಮರು ಫೈಟ್ ರದ್ದು.

ಪೀಟರ್ಸನ್ ಅಲ್ಲಗಳೆಯಲಿಲ್ಲ. ಮೈಯಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ ಇದೆ ಅಂತ ಡಾಕ್ಟರ್ ಚರ್ಮದ ಕೆಳಗೆ ಗುಳಿಗೆ ಇಟ್ಟಿದ್ದರು ಎಂದ. ಇಟ್ಟದ್ದು ಯಾವಾಗ? 2011ರ ನವೆಂಬರ್‌ನಲ್ಲಿ, ಅಂದರೆ ಮೊದಲ ಫೈಟ್‌ಗೆ ಮುಂಚೆ. ಈ ಚಿಕಿತ್ಸೆಯ ವಿಷಯ ಅವನು ಕಮಿಷನ್‌ಗೆ ತಿಳಿಸಿರಲಿಲ್ಲ.

ಆಮೇಲೆ ಆದದ್ದು ಕೇಳಿ. ಡಬ್ಲ್ಯುಬಿಎ ಬೆಲ್ಟ್ ಕಿತ್ತುಕೊಂಡು ಅಮೀರ್ ಖಾನ್‌ಗೆ ವಾಪಸ್ ಕೊಟ್ಟಿತು. ಐಬಿಎಫ್ ಅದು ಚಿಕಿತ್ಸೆಗೇ ತೆಗೆದುಕೊಂಡದ್ದು ಅಂತ ಒಪ್ಪಿ ಬೆಲ್ಟ್ ಪೀಟರ್ಸನ್ ಬಳಿಯೇ ಬಿಟ್ಟಿತು. ಟೆಸ್ಟ್ ಅದೇ, ಮನುಷ್ಯ ಅವನೇ, ಎರಡು ಬೆಲ್ಟ್ ಎರಡು ದಿಕ್ಕಿಗೆ. ಇನ್ನು ಮೊದಲ ಫೈಟ್‌ನ ಫಲಿತಾಂಶ? ಅದನ್ನು ಯಾರೂ ಮುಟ್ಟಲಿಲ್ಲ, ಯಾಕೆಂದರೆ ಪಾಸಿಟಿವ್ ಬಂದದ್ದು ಆ ಫೈಟ್‌ನ ಸ್ಯಾಂಪಲ್ ಅಲ್ಲ. ಇವತ್ತಿಗೂ ಖಾನ್‌ನ ದಾಖಲೆಯಲ್ಲಿ ಪೀಟರ್ಸನ್ ಎದುರಿನ ಸೋಲು ಸೋಲಾಗಿಯೇ ಇದೆ. ಸೋತವನು ಸೋತವನಾಗಿಯೇ ಉಳಿದು ಚಾಂಪಿಯನ್ ಆದ. ಆ ಭಾಗ್ಯವೂ ಹೆಚ್ಚು ದಿನ ಉಳಿಯಲಿಲ್ಲ. 2012ರ ಜುಲೈನಲ್ಲಿ ಡ್ಯಾನಿ ಗಾರ್ಸಿಯಾ ನಾಲ್ಕನೇ ರೌಂಡ್‌ನಲ್ಲೇ ಅವನನ್ನು ಮುಗಿಸಿದ. ಈ ಗಾರ್ಸಿಯಾ ಬೇರೆ, ರಯಾನ್ ಅಲ್ಲ. ಹತ್ತು ವರ್ಷ ಕಳೆದು 2022ರಲ್ಲಿ ಕೆಲ್ ಬ್ರೂಕ್ ಎದುರಿನ ಫೈಟ್‌ನಲ್ಲಿ ಖಾನ್‌ನ ಸ್ಯಾಂಪಲ್‌ನಲ್ಲೇ ಆಸ್ಟರೀನ್ ಸಿಕ್ಕಿತು. ಬೇಕಂತ ತೆಗೆದುಕೊಂಡದ್ದಲ್ಲ ಅಂತ ಒಪ್ಪಿದರೂ ಎರಡು ವರ್ಷ ನಿಷೇಧ ತಪ್ಪಲಿಲ್ಲ. ಈ ಆಟದಲ್ಲಿ ಯಾರ ಪರ ಕೂಗೋದು ಹೇಳಿ!

ಎಲ್ಲ ಸಲವೂ ಇಷ್ಟು ಗೋಜಲು ಇರಲ್ಲ. 2005ರಲ್ಲಿ ಜೇಮ್ಸ್ ಟೋನಿ, ಜಾನ್ ರೂಯಿಜ್‌ನನ್ನು ಸೋಲಿಸಿ ಡಬ್ಲ್ಯುಬಿಎ ಹೆವಿವೇಟ್ ಬೆಲ್ಟ್ ಗೆದ್ದ. ನ್ಯಾಂಡ್ರೊಲೋನ್ ಎಂಬ ಸ್ಟೆರಾಯ್ಡ್ ಸಿಕ್ಕಿತು. ಕಮಿಷನ್ ಫಲಿತಾಂಶ ಅಳಿಸಿತು, ಡಬ್ಲ್ಯುಬಿಎ ಬೆಲ್ಟ್ ಅನ್ನು ರೂಯಿಜ್‌ಗೆ ಹಿಂದಿರುಗಿಸಿತು. ನಿಮ್ಮಂಥವರು ಬಯಸುವ ನೇರ ದಾರಿ ಅದು. ಆದರೆ ಅದು ನೇರ ಆದದ್ದು ಎರಡು ಕಡೆಯವರೂ ಒಂದೇ ದಿಕ್ಕಿಗೆ ನಡೆದದ್ದರಿಂದ, ಅಷ್ಟೇ.

ಟೆಸ್ಟ್ ಬಗ್ಗೆಯೇ ವಿವಾದ ಯಾಕೆ ಬರುತ್ತೆ ಅನ್ನುವುದಕ್ಕೆ ಸ್ಯಾಂಪಲ್ ಹೇಗೆ ತೆಗೆಯುತ್ತಾರೆ ಅಂತ ಮೊದಲು ತಿಳಿದಿರಬೇಕು. ನಾನು ಸ್ವಲ್ಪ ಕಾಲ ಆ ಕೆಲಸವನ್ನೂ ಮಾಡಿದ್ದೇನೆ. ಫೈಟ್ ಮುಗಿದ ಬಾಕ್ಸರ್‌ಗೆ ಮೂತ್ರ ಬರುವುದೇ ಇಲ್ಲ. ತೂಕ ಇಳಿಸಲು ಹಿಂದಿನ ದಿನವೆಲ್ಲ ನೀರು ಬಿಟ್ಟಿರುತ್ತಾನೆ, ರಿಂಗ್‌ನಲ್ಲಿ ಬೆವರಿರುತ್ತಾನೆ. ಸೀಲ್ ಇರುವ ನೀರಿನ ಬಾಟಲಿ ಕೊಟ್ಟು ಗಂಟೆಗಟ್ಟಲೆ ಕಾಯಬೇಕು. ಅಷ್ಟು ಹೊತ್ತೂ ಅವನು ನಮ್ಮ ಕಣ್ಣಳತೆಯಲ್ಲೇ ಇರಬೇಕು. ಸಮಯ ಬಂದಾಗ ಅಂಗಿ ಎದೆವರೆಗೆ ಎತ್ತಿ, ಚಡ್ಡಿ ಮೊಣಕಾಲಿಗೆ ಇಳಿಸಿ, ನಮ್ಮ ಎದುರಿಗೇ ಹೊಯ್ಯಬೇಕು. ಹೊಸ ಹುಡುಗರಿಗೆ ನಾಚಿಕೆಯಿಂದಲೇ ಇನ್ನೊಂದು ಗಂಟೆ ಹಿಡಿಯುತ್ತದೆ. ಕನಿಷ್ಠ 90 ಮಿಲಿಲೀಟರ್ ಬೇಕು. ಸೀಲಾದ ಕಿಟ್‌ಗಳಲ್ಲಿ ಒಂದನ್ನು ಅವನೇ ಆರಿಸುತ್ತಾನೆ. ಒಳಗೆ ಎರಡು ಗಾಜಿನ ಬಾಟಲಿ, ಎ ಮತ್ತು ಬಿ. ಎರಡರ ಮೇಲೂ ಒಂದೇ ನಂಬರ್. ಸುರಿಯುವುದೂ ಅವನೇ, 'ಬಿ'ಗೆ 30, 'ಎ'ಗೆ 60. ಮುಚ್ಚಳ ತಿರುಗಿಸಿದರೆ ಒಳಗಿನ ಹಲ್ಲುಗಳು ಕಟಕಟ ಅನ್ನುತ್ತವೆ. ಸದ್ದು ನಿಂತರೆ ಸೀಲ್ ಆಯಿತು ಅಂತ. ಆಮೇಲೆ ಕೈಯಲ್ಲಿ ಬಿಚ್ಚಲು ಆಗಲ್ಲ, ಲ್ಯಾಬ್‌ನಲ್ಲೇ ಬಿಚ್ಚಬೇಕು.

ಕೊನೆಗೆ ಒಂದು ಫಾರಂ. ಹಿಂದಿನ ಏಳು ದಿನದಲ್ಲಿ ತೆಗೆದುಕೊಂಡ ಮಾತ್ರೆ, ಪೌಡರ್, ಕಷಾಯ ಎಲ್ಲ ಬರೆಯಲು ಜಾಗ ಇರುತ್ತೆ. ಸ್ಯಾಂಪಲ್ ತೆಗೆದ ರೀತಿಯ ಬಗ್ಗೆ ತಕರಾರು ಇದ್ದರೆ ಅದಕ್ಕೂ ಒಂದು ಕಾಲಂ ಇದೆ. ಸುಸ್ತಾದ ಹುಡುಗರು ಎರಡನ್ನೂ ಖಾಲಿ ಬಿಟ್ಟು ಸಹಿ ಹಾಕಿ ಎದ್ದು ಹೋಗುತ್ತಾರೆ. ನಿಮ್ಮ ಹುಡುಗನಿಗೆ ಇದನ್ನು ಈಗಲೇ ಹೇಳಿ. ಮುಂದೆ ವಕೀಲರು ಮೊದಲು ಕೇಳುವ ಕಾಗದ ಇದೇ.

ಎ ಪಾಸಿಟಿವ್ ಬಂದರೆ ಬಾಕ್ಸರ್ ಬಿ ಬಾಟಲಿ ತೆರೆಸಿ ಟೆಸ್ಟ್ ಮಾಡಿಸಬಹುದು. ತೆರೆಯುವಾಗ ತಾನೇ ಹೋಗಬಹುದು, ತನ್ನವರನ್ನು ಕಳಿಸಬಹುದು. 'ಬಿ'ಯಲ್ಲಿ ಅದು ಸಿಗದಿದ್ದರೆ ಕೇಸು ಸಾಮಾನ್ಯವಾಗಿ ಅಲ್ಲಿಗೇ ಬಿದ್ದುಹೋಗುತ್ತದೆ. ಜನ ಅಂದುಕೊಳ್ಳುವ ಹಾಗೆ ಅದು ಎರಡನೇ ಅಭಿಪ್ರಾಯ ಅಲ್ಲ. ಅದೇ ಮೂತ್ರದ ಇನ್ನೊಂದು ಪಾಲು. ಹಾಗಾಗಿ ಅಪರೂಪಕ್ಕೆ ಮಾತ್ರ ಉತ್ತರ ಬದಲಾಗುತ್ತದೆ. ನಿಜವಾದ ಜಗಳ ಇರುವುದು ಬಾಟಲಿಯಲ್ಲಿ ಏನಿದೆ ಅನ್ನುವುದಕ್ಕಲ್ಲ, ಅದು ಹೇಗೆ ಬಂತು ಅನ್ನುವುದಕ್ಕೆ.

ಅದನ್ನು ಲ್ಯಾಬ್ ಹೇಳಲಾರದು. ಇವತ್ತಿನ ಯಂತ್ರಗಳು ನ್ಯಾನೋಗ್ರಾಂ ಲೆಕ್ಕದಲ್ಲಿ ಹಿಡಿಯುತ್ತವೆ, ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ. ಅಷ್ಟು ಸಣ್ಣ ಅಂಶ ಸಿಕ್ಕಿದೆ ಅಂದರೆ ಎರಡು ಅರ್ಥ ಇರಬಹುದು. ಕೆಲವು ವಾರದ ಹಿಂದೆ ಚೆನ್ನಾಗಿ ತೆಗೆದುಕೊಂಡಿದ್ದು ಈಗ ಕೊನೆಯ ಚೂರು ಹೊರಗೆ ಹೋಗುತ್ತಿರಬಹುದು. ಇಲ್ಲ, ನಿನ್ನೆ ಊಟದಲ್ಲೋ ಡಬ್ಬಿಯಲ್ಲೋ ಗೊತ್ತಿಲ್ಲದೆ ಹೊಟ್ಟೆಗೆ ಹೋಗಿರಬಹುದು. ಸಂಖ್ಯೆ ಒಂದೇ, ಕಥೆ ಎರಡು. 'ಇಷ್ಟು ಕಡಿಮೆ ಇದೆ, ಇದರಿಂದ ಏನು ಲಾಭ' ಅಂತ ಬಾಕ್ಸರ್ ಕಡೆಯವರು ಯಾವಾಗಲೂ ಕೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಲಾಭ ಮೊದಲೇ ಸಿಕ್ಕಿ ಆಗಿರಬಹುದು.

ಕಲಬೆರಕೆ ವಾದ ಎಲ್ಲ ಸಲ ಸುಳ್ಳಲ್ಲ. ಮೆಕ್ಸಿಕೊದಲ್ಲಿ ದನ ಕೊಬ್ಬಿಸಲು ಕ್ಲೆನ್‌ಬ್ಯೂಟರಾಲ್ ಕೊಡುವ ಚಾಳಿ ಇದೆ, ಮಾಂಸ ತಿಂದವರ ಮೂತ್ರದಲ್ಲೂ ಬರುತ್ತೆ. ಇದು ಎಲ್ಲರೂ ಒಪ್ಪಿದ ವಿಷಯ. 2018ರ ಫೆಬ್ರವರಿಯಲ್ಲಿ ಅಲ್ಲಿನ ಬಾಕ್ಸರ್ ಕನೆಲೊ ಅಲ್ವಾರೆಜ್‌ಗೆ ಎರಡು ಸಲ ಅದು ಪಾಸಿಟಿವ್ ಬಂತು. ಸಿಕ್ಕಿದ್ದು ಮಿಲಿಲೀಟರ್‌ಗೆ ಒಂದು ನ್ಯಾನೋಗ್ರಾಂಗಿಂತ ಕಡಿಮೆ. ಮಾಂಸದಿಂದ ಬರಬಹುದಾದಷ್ಟೇ ಇದೆ ಅಂತ ಲ್ಯಾಬ್‌ನ ಮುಖ್ಯಸ್ಥರೇ ಹೇಳಿದರು. ಆದರೂ ನೆವಾಡ ಕಮಿಷನ್ ಆರು ತಿಂಗಳು ಸಸ್ಪೆಂಡ್ ಮಾಡಿತು, ಮೇ ತಿಂಗಳ ಗೊಲೊವ್ಕಿನ್ ಫೈಟ್ ಸೆಪ್ಟೆಂಬರ್‌ಗೆ ಹೋಯಿತು. 2016ರಲ್ಲಿ ಅದೇ ವಸ್ತುವಿಗೆ ಸಿಕ್ಕ ಡಬ್ಲ್ಯುಬಿಸಿ ಚಾಂಪಿಯನ್ ಫ್ರಾನ್ಸಿಸ್ಕೊ ವರ್ಗಾಸ್‌ಗೆ ಮಾತ್ರ ಫೈಟ್ ಆಡಲು ಬಿಟ್ಟರು, ಬೆಲ್ಟ್ ಸಮೇತ. ಊಟದ ಕಥೆ ಒಂದೇ, ರಾಜ್ಯ ಬೇರೆ, ವರ್ಷ ಬೇರೆ, ಫಲ ಬೇರೆ.

ನನಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿರುವ ತೀರ್ಮಾನ ಆಸ್ಕರ್ ವಾಲ್ಡೆಜ್‌ದು. 2021ರ ಸೆಪ್ಟೆಂಬರ್‌ನಲ್ಲಿ ಅವನು ಡಬ್ಲ್ಯುಬಿಸಿ ಚಾಂಪಿಯನ್, ಎದುರಾಳಿ ಬ್ರೆಜಿಲ್‌ನ ಒಲಿಂಪಿಕ್ ಚಿನ್ನದ ಬಾಕ್ಸರ್ ರಾಬ್ಸನ್ ಕಾನ್ಸೀಸಾವ್. ಫೈಟ್‌ಗೆ ಕೆಲವೇ ದಿನ ಮುಂಚೆ ವಾಲ್ಡೆಜ್‌ನ ಆಗಸ್ಟ್ ಸ್ಯಾಂಪಲ್‌ನಲ್ಲಿ ಫೆಂಟರ್ಮಿನ್ ಸಿಕ್ಕಿದ ಸುದ್ದಿ ಹೊರಬಂತು. ಎ, ಬಿ ಎರಡರಲ್ಲೂ. ತೂಕ ಇಳಿಸಲು ಕೊಡುವ ಉತ್ತೇಜಕ ಅದು. ಖಾಸಗಿ ವಾಡಾ ಪಟ್ಟಿಯಲ್ಲಿ ಅದಕ್ಕೆ ವರ್ಷವಿಡೀ ನಿಷೇಧ. ಜಾಗತಿಕ ವಾಡಾ ಪಟ್ಟಿಯಲ್ಲಿ ಪಂದ್ಯದ ಹೊತ್ತಿಗೆ ಮಾತ್ರ ನಿಷೇಧ. ಅರಿಜೋನಾದಲ್ಲಿ ಫೈಟ್ ನಡೆಯುತ್ತಿದ್ದ ಬುಡಕಟ್ಟು ಪ್ರದೇಶದ ಕಮಿಷನ್ ಎರಡನೇ ಪಟ್ಟಿ ಹಿಡಿಯಿತು, ಫೈಟ್‌ಗೆ ಒಪ್ಪಿತು. ಡಬ್ಲ್ಯುಬಿಸಿ ಬೆಲ್ಟ್ ಕೂಡ ಪಣಕ್ಕೆ ಇಟ್ಟಿತು. ವಾಲ್ಡೆಜ್ ಪಾಯಿಂಟ್ ಮೇಲೆ ಗೆದ್ದ.

ತಮಾಷೆ ಏನಪ್ಪಾ ಅಂದರೆ, ಖಾಸಗಿ ವಾಡಾ ಮೂಲಕ ತನ್ನ ಚಾಂಪಿಯನ್‌ಗಳನ್ನು ವರ್ಷಪೂರ್ತಿ ಟೆಸ್ಟ್ ಮಾಡಿಸುತ್ತೇನೆ ಅಂತ 2016ರಲ್ಲಿ ಕಾರ್ಯಕ್ರಮ ಶುರು ಮಾಡಿದ್ದು ಇದೇ ಡಬ್ಲ್ಯುಬಿಸಿ. ಟೆಸ್ಟ್‌ಗೆ ಒಂದು ಪಟ್ಟಿ, ತೀರ್ಪಿಗೆ ಇನ್ನೊಂದು ಪಟ್ಟಿ ಹಿಡಿದರೆ ಆ ಕಾರ್ಯಕ್ರಮ ಯಾಕೆ ಬೇಕು? ಇಲ್ಲಿ ದುಡ್ಡಿನ ಮಾತನ್ನೂ ಹೇಳದೆ ಇರಲು ಆಗಲ್ಲ. ಟೈಟಲ್ ಫೈಟ್ ನಡೆದರೆ ಬಾಕ್ಸರ್‌ಗಳ ಹಣದಲ್ಲಿ ಇಷ್ಟು ಪಾಲು ಅಂತ ಬೆಲ್ಟ್ ಸಂಸ್ಥೆಗೆ ಶುಲ್ಕ ಬರುತ್ತದೆ. ಫೈಟ್ ನಿಂತರೆ ಅದೂ ನಿಲ್ಲುತ್ತದೆ. ಅದಕ್ಕಾಗಿಯೇ ಹೀಗೆ ತೀರ್ಪು ಕೊಟ್ಟರು ಅಂತ ನಾನು ಹೇಳುತ್ತಿಲ್ಲ. ತೀರ್ಪು ಕೊಡುವವರಿಗೆ ಫೈಟ್ ನಡೆದರೆ ಲಾಭ ಇರಬಾರದು ಅಂತಷ್ಟೇ ಹೇಳುತ್ತಿದ್ದೇನೆ.

ಬ್ರಿಟನ್ನಿನ ಬಾಕ್ಸರ್ ಕಾನರ್ ಬೆನ್ ಕೇಸು ಇದರ ಇನ್ನೊಂದು ಮುಖ. 2022ರ ಅಕ್ಟೋಬರ್ 8ಕ್ಕೆ ಲಂಡನ್‌ನಲ್ಲಿ ಕ್ರಿಸ್ ಯೂಬ್ಯಾಂಕ್ ಜೂನಿಯರ್ ಜೊತೆ ಅವನ ಫೈಟ್ ಇತ್ತು. ಖಾಸಗಿ ವಾಡಾ ಟೆಸ್ಟ್‌ನಲ್ಲಿ ಕ್ಲೋಮಿಫೀನ್ ಸಿಕ್ಕಿತು. ಹೆಂಗಸರಿಗೆ ಮಕ್ಕಳಾಗಲು ಕೊಡುವ ಮಾತ್ರೆ ಅದು, ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತದೆ. ಬ್ರಿಟನ್ನಿನ ಅಧಿಕೃತ ಸಂಸ್ಥೆ ಯುಕೆಎಡಿ ಮಾಡಿದ ಟೆಸ್ಟ್‌ನಲ್ಲಿ ಏನೂ ಸಿಕ್ಕಿಲ್ಲವಲ್ಲ, ಫೈಟ್ ನಡೆಯಲಿ ಅಂತ ಪ್ರಮೋಟರ್‌ಗಳು ಹಟ ಹಿಡಿದರು. ಅಲ್ಲಿನ ಕಮಿಷನ್ ಆದ ಬ್ರಿಟಿಷ್ ಬೋರ್ಡ್ ಒಪ್ಪಲಿಲ್ಲ. ಆ ವಾರವೇ ಎಲ್ಲ ಮುರಿದುಬಿತ್ತು. ಬೋರ್ಡ್ ಮಾಡಿದ್ದು ಸರಿ ಅಂತ ನನ್ನ ಖಚಿತ ಅಭಿಪ್ರಾಯ.

ಆಮೇಲೆ ಶುರುವಾಯಿತು ಎರಡು ವರ್ಷದ ಎಳೆದಾಟ. ಜಾಸ್ತಿ ಮೊಟ್ಟೆ ತಿಂದದ್ದರಿಂದ ಬಂದಿರಬಹುದು ಅಂತ 2023ರ ಫೆಬ್ರವರಿಯಲ್ಲಿ ಡಬ್ಲ್ಯುಬಿಸಿ ಹೇಳಿತು. ಬೆನ್‌ಗೇ ಆ ವಿವರಣೆ ರುಚಿಸಲಿಲ್ಲ. ಜುಲೈನಲ್ಲಿ ಬ್ರಿಟನ್ನಿನ ಸ್ವತಂತ್ರ ಸಮಿತಿ ಅವನ ಸಸ್ಪೆನ್ಷನ್ ತೆಗೆಯಿತು. 2024ರ ಮೇನಲ್ಲಿ ಮೇಲ್ಮನವಿಯಲ್ಲಿ ಮತ್ತೆ ಬಿತ್ತು. ನವೆಂಬರ್‌ನಲ್ಲಿ, ಅವನು ಅದನ್ನು ಬಳಸಿದ್ದಾನೆ ಅಂತ ಸಾಬೀತಾಗಿದೆ ಎಂದು ಒಪ್ಪುವಷ್ಟು ಸಮಾಧಾನ ನಮಗಿಲ್ಲ ಅಂತ ಸಮಿತಿ ಹೇಳಿ ಬಿಟ್ಟಿತು. ತಪ್ಪು ಮಾಡಿಲ್ಲ ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಕೊನೆಗೆ 2025ರ ಏಪ್ರಿಲ್‌ನಲ್ಲಿ ಆ ಫೈಟ್ ನಡೆಯಿತು. ಯೂಬ್ಯಾಂಕ್ ಗೆದ್ದ. ನವೆಂಬರ್‌ನ ಮರು ಫೈಟ್‌ನಲ್ಲಿ ಬೆನ್ ಗೆದ್ದ.

ತಡ ಆಗುವುದರಲ್ಲಿ ಟೈಸನ್ ಫ್ಯೂರಿ ಕೇಸನ್ನು ಮೀರಿಸಿದ್ದಿಲ್ಲ. ನ್ಯಾಂಡ್ರೊಲೋನ್ ಸಿಕ್ಕಿದ್ದು 2015ರ ಫೆಬ್ರವರಿಯ ಸ್ಯಾಂಪಲ್‌ನಲ್ಲಿ. ಆರೋಪ ಹೊರಿಸಿದ್ದು 2016ರ ಜೂನ್‌ನಲ್ಲಿ. ನಡುವೆ, 2015ರ ನವೆಂಬರ್‌ನಲ್ಲಿ, ಅವನು ಕ್ಲಿಚ್ಕೊನನ್ನು ಸೋಲಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆಗಿದ್ದ! ಕಾಡುಹಂದಿ ಮಾಂಸ ತಿಂದಿದ್ದೆ ಅಂದ. 2017ರ ಡಿಸೆಂಬರ್‌ನಲ್ಲಿ ರಾಜಿ ಆಯಿತು. ಹಿಂದಿನ ದಿನಾಂಕದಿಂದ ಎರಡು ವರ್ಷ ನಿಷೇಧ, ಅಂದರೆ ಮರುದಿನದಿಂದಲೇ ಫ್ರೀ. ಫೆಬ್ರವರಿಯ ಸಣ್ಣ ಫೈಟ್ ಗೆಲುವು ಹೋಯಿತು. ಕ್ಲಿಚ್ಕೊ ಮೇಲಿನ ಗೆಲುವು ಉಳಿಯಿತು.

ನನ್ನನ್ನು ಕೇಳಿದರೆ, ಎ ಪಾಸಿಟಿವ್ ಬಂದ ದಿನವೇ ಫೈಟ್ ನಿಲ್ಲಿಸಬೇಕು. ಬೆಲ್ಟ್ ಕಿತ್ತುಕೊಳ್ಳುವುದೂ ಬೇಡ, ಪಣಕ್ಕಿಡುವುದೂ ಬೇಡ. 'ಬಿ'ಯೂ ವಿಚಾರಣೆಯೂ ಮುಗಿಯುವವರೆಗೆ ಹಾಗೇ ಇರಲಿ. ಬಾಕ್ಸರ್ ನಿರಪರಾಧಿ ಆಗಿದ್ದರೆ ಅವನಿಗೆ ನಾಲ್ಕೈದು ತಿಂಗಳು ಅನ್ಯಾಯ ಆಗುತ್ತೆ, ಒಪ್ಪುತ್ತೇನೆ. ಆದರೆ ಎದುರಿಗಿರುವವನ ತಲೆಯನ್ನೂ ನೋಡಬೇಕಲ್ಲ. ಫಲಿತಾಂಶವನ್ನು ಕಾಗದದ ಮೇಲೆ ಅಳಿಸಬಹುದು. ಮಿದುಳಿಗೆ ಬಿದ್ದ ಏಟನ್ನು ಯಾವ ಕಮಿಷನ್ ಅಳಿಸುತ್ತೆ? ಕೆಜಿಎಫ್ ಗಣಿ ಕಾಲೊನಿಗಳಲ್ಲಿ ಬಾಕ್ಸಿಂಗ್ ಜೋರಾಗಿದ್ದ ಕಾಲ ನೋಡಿದ ಹಿರಿಯರು ನಿಮ್ಮ ಕಡೆ ಇನ್ನೂ ಇದ್ದಾರೆ. ಮಾತು ತೊದಲುವ, ಕೈ ನಡುಗುವ ಹಳೇ ಬಾಕ್ಸರ್‌ಗಳ ಬಗ್ಗೆ ಅವರನ್ನೇ ಕೇಳಿ.

ಈಗ ಡಬ್ಬಿ ವಿಷಯ. ನಿಮ್ಮ ಹುಡುಗ ಹೇಳಿದ್ದು ಶುದ್ಧ ತಪ್ಪು. ಪ್ರೊಫೆಷನಲ್ ಆಗುವ ಮೊದಲು ಹುಡುಗರು ಸಾಮಾನ್ಯವಾಗಿ ರಾಜ್ಯ ಮಟ್ಟ, ರಾಷ್ಟ್ರ ಮಟ್ಟ ಅಂತ ಅಮೆಚೂರ್ ಆಡಿಯೇ ಬರುತ್ತಾರೆ. ಅಲ್ಲಿ ಟೆಸ್ಟ್ ಮಾಡುವುದು ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾ, ನಡೆಯುವುದು ಜಾಗತಿಕ ವಾಡಾ ನಿಯಮ. ಮೈಯಲ್ಲಿ ಸಿಕ್ಕಿದರೆ ಅದೇ ತಪ್ಪು. ಬೇಕಂತ ತಗೊಂಡೆಯಾ ಅನ್ನುವ ಪ್ರಶ್ನೆ ಶಿಕ್ಷೆ ಎಷ್ಟು ಅನ್ನುವಾಗ ಮಾತ್ರ ಬರುತ್ತೆ. ಸ್ಟೆರಾಯ್ಡ್ ಥರದ ವಸ್ತುವಿಗೆ ನಾಲ್ಕು ವರ್ಷ. ಹತ್ತೊಂಬತ್ತರ ಹುಡುಗನಿಗೆ ಇಪ್ಪತ್ಮೂರು ಆಗಿರುತ್ತೆ. ಕಲಬೆರಕೆ ಅಂತ ತೋರಿಸಿದರೆ ಶಿಕ್ಷೆ ಇಳಿಯುವುದು ನಿಜ. ಆದರೆ ಯಾವ ಡಬ್ಬಿಯಿಂದ ಬಂತು, ತಾನು ಎಷ್ಟು ಜಾಗ್ರತೆ ವಹಿಸಿದ್ದೆ ಅಂತ ತೋರಿಸುವ ಹೊಣೆ ಅವನ ಮೇಲೇ ಇರುತ್ತದೆ. ಗಾರ್ಸಿಯಾ ಕಡೆಯವರು ಸಪ್ಲಿಮೆಂಟ್ ಕಲಬೆರಕೆ ಅಂತ ವಾದಿಸಿದರು. ಅಷ್ಟೆಲ್ಲ ವಕೀಲರಿದ್ದೂ ಒಂದು ವರ್ಷ ಹೋಯಿತು. ನಿಮ್ಮ ಹುಡುಗನಿಗೆ ವಕೀಲರಿಗೆ ಕೊಡಲು ಯಾರು ದುಡ್ಡು ಹಾಕ್ತಾರೆ?

ನಮ್ಮ ದೇಶದ ಲೆಕ್ಕವೂ ಚೆನ್ನಾಗಿಲ್ಲ. ಜಾಗತಿಕ ವಾಡಾ ಪ್ರಕಟಿಸಿದ 2023ರ ಅಂಕಿಅಂಶದಲ್ಲಿ ಭಾರತದ 5,606 ಸ್ಯಾಂಪಲ್‌ಗಳಲ್ಲಿ 213 ಪಾಸಿಟಿವ್. ನೂರಕ್ಕೆ ನಾಲ್ಕರ ಹತ್ತಿರ. ಹಾಗಾಗಿ ನಮ್ಮ ಹುಡುಗರ ಮಾತನ್ನು ಸುಮ್ನೆ ನಂಬುತ್ತಾರೆ ಅಂತ ಅಂದುಕೊಳ್ಳಬೇಡಿ.

ಪೌಡರ್‌ಗಿಂತ ನನಗೆ ಹೆಚ್ಚು ಭಯ ಇರುವುದು ಲ್ಯಾಸಿಕ್ಸ್ ಮಾತ್ರೆ ಬಗ್ಗೆ. ತೂಕ ಇಳಿಸಲು ಹುಡುಗರು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಗೊಳ್ತಾರೆ, ಮೂತ್ರ ಹೋಗಿ ಒಂದೆರಡು ಕೆಜಿ ಇಳಿಯುತ್ತೆ. ಬಿಪಿ, ಹೃದಯದ ತೊಂದರೆ ಇರುವವರ ಮಾತ್ರೆ ಅದು. ಬೇರೆ ಡ್ರಗ್ ಮುಚ್ಚಿಡಲು ಬಳಸುತ್ತಾರೆ ಅಂತ ಅದಕ್ಕೂ ವರ್ಷಪೂರ್ತಿ ನಿಷೇಧ. ನೀರಿಲ್ಲದ ಮೈಯಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ತಪ್ಪಿದರೆ ಬೆಲ್ಟ್ ಮಾತು ಎಲ್ಲಿಂದ ಬಂತು?

ಅವನ ವಯಸ್ಸಿಗೆ ಮುದ್ದೆ, ಹುರುಳಿ ಸಾರು, ಮೊಟ್ಟೆ, ಕಡ್ಲೆಕಾಯಿ, ಹಾಲು ಧಾರಾಳ ಸಾಕು. ಬೆನ್ ಕಥೆ ಓದಿ ಮೊಟ್ಟೆ ಬಿಡಿಸಬೇಡಿ ಮತ್ತೆ! ಪೌಡರ್ ಬೇಕೇ ಬೇಕು ಅಂತ ಹಟ ಮಾಡಿದರೆ ಜಿಮ್‌ನವರು ಚಮಚದಲ್ಲಿ ಹಾಕಿಕೊಡುವುದನ್ನು ಮೊದಲು ನಿಲ್ಲಿಸಿ. ಬಿಚ್ಚಿದ ಡಬ್ಬಿಗೆ ವಿಚಾರಣೆಯಲ್ಲಿ ಹೆಚ್ಚು ಬೆಲೆ ಇಲ್ಲ, ಆಮೇಲೆ ಯಾರು ಏನು ಬೆರೆಸಿದರೋ ಅಂತಾರೆ. 'ಇನ್‌ಫಾರ್ಮ್ಡ್ ಸ್ಪೋರ್ಟ್' ಗುರುತು ಇರುವುದನ್ನೇ ಕೊಳ್ಳಿ. ಗುರುತು ನೋಡಿದರೆ ಸಾಲದು, ಅದರ ವೆಬ್‌ಸೈಟ್‌ನಲ್ಲಿ ನಿಮ್ಮ ಡಬ್ಬಿಯ ಬ್ಯಾಚ್ ನಂಬರ್ ಇದೆಯಾ ನೋಡಿ. ಮಾತ್ರೆಗಳಿಗೆ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್ ಇದೆ, ಅವನ ಫೋನ್‌ಗೆ ಹಾಕಿಸಿ. ಒಂದೇ ಬ್ಯಾಚ್‌ನ ಎರಡು ಡಬ್ಬಿ ತಂದು ಒಂದನ್ನು ಸೀಲ್ ಒಡೆಯದೆ ಬೀರುವಿನಲ್ಲಿ ಇಡಿ. ಬಿಲ್ಲನ್ನು ಬ್ಯಾಚ್ ನಂಬರ್ ಕಾಣುವ ಹಾಗೆ ಡಬ್ಬಿಯ ಪಕ್ಕದಲ್ಲಿಟ್ಟು ಅವತ್ತೇ ಫೋಟೊ ತೆಗೆದುಕೊಳ್ಳಿ. ಈಗಿನ ಬಿಲ್ ಕಾಗದ ಆರು ತಿಂಗಳಲ್ಲಿ ಅಕ್ಷರ ಮಾಸಿ ಬೆಳ್ಳಗಾಗಿಬಿಡುತ್ತೆ.